ಹೊಸ ಕೋಚ್ ತುಂಬಾ ಕಟ್ಟುನಿಟ್ಟು, ತಂಡ ಸೋಲುತ್ತಿದೆ: ಮಗ ತಂಡ ಬಿಡಬೇಕಾ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹೊಸ ಹೆಡ್ ಕೋಚ್ ಬಂದ ಮೊದಲ ವರ್ಷ ಸೋಲಲು ಆಟದ ಪದ್ಧತಿ ಬದಲಾದದ್ದೂ ಒಂದು ಕಾರಣ ಇರಬಹುದು. ನಿಮ್ಮ ಮಗನ ತಂಡದ್ದೂ ಅದೇ ಇರಬಹುದು, ದೂರದಿಂದ ಖಚಿತವಾಗಿ ಹೇಳಲಾರೆ. ನಿಕ್ ಸೇಬನ್ ಕೋಚ್ ಆಗಿ ಬಂದ 2007ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ತಂಡ ಆರು ಪಂದ್ಯ ಸೋತಿತ್ತು. 2009ರಲ್ಲಿ ಒಂದೂ ಸೋಲದೆ ಚಾಂಪಿಯನ್ ಆಯಿತು. ಸುಮ್ನೆ ಆತುರ ಬೇಡ.

ಮೊದಲು ಅಭ್ಯಾಸದ ಗಂಟೆಗಳನ್ನು ಅವನು ಬರೆದಿಡಲಿ. ಸೀಸನ್‌ನಲ್ಲಿ ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆಗಳ ನಿಯಮ ಮಾಡುವ ಸಂಸ್ಥೆ) ಮಿತಿ ದಿನಕ್ಕೆ 4, ವಾರಕ್ಕೆ 20 ಗಂಟೆ. ಮೀರಿದರೆ ನಿಯಮ ಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಆಫೀಸ್‌ಗೆ ಹೇಳಲಿ. ಆಮೇಲೆ ತನ್ನ ಪೊಸಿಷನ್ ಕೋಚ್ (ಅವನು ಆಡುವ ಸ್ಥಾನಕ್ಕೆ ತರಬೇತಿ ಕೊಡುವವರು) ಹತ್ತಿರ ‘ನಾನು ಎಲ್ಲಿ ಸುಧಾರಿಸಬೇಕು?’ ಅಂತ ನೇರವಾಗಿ ಕೇಳಲಿ. ಅವನೇ ಕೇಳಬೇಕು, ನೀವಲ್ಲ. ನನ್ನ ಮಗನಿಗೆ ದಾರಿ ಕಂಡದ್ದು ಆ ಮಾತುಕತೆಯಿಂದಲೇ.

ಆದರೂ ಬಿಡಬೇಕು ಅನಿಸಿದರೆ, ಟ್ರಾನ್ಸ್‌ಫರ್ ಪೋರ್ಟಲ್‌ಗೆ (ಬೇರೆ ಕಾಲೇಜಿಗೆ ಹೋಗಬಯಸುವ ಆಟಗಾರರ ಪಟ್ಟಿ) ಹೆಸರು ಕೊಡುವ ಮುಂಚೆಯೇ ಸ್ಕಾಲರ್‌ಶಿಪ್ ಬಗ್ಗೆ ವಿಚಾರಿಸಿ. ಹೆಸರು ಕೊಟ್ಟ ಮೇಲೆ ಕಾಲೇಜು ಮುಂದಿನ ಟರ್ಮ್‌ನಿಂದ ಅದನ್ನು ನಿಲ್ಲಿಸಬಹುದು.