ಮಂಗಳೂರಿನ ಬೆಂಗ್ರೆಯಂಥ ಕಡಲತೀರದ ಮರಳು ಭೂಕಂಪದಲ್ಲಿ ಕುಸಿಯುತ್ತದಾ ಅಂತ ಮೊದಲೇ ತಿಳಿಯುವುದು ಹೇಗೆ?

ಬೋರ್ ಕೊರೆದು ಪರೀಕ್ಷಿಸಿದರೆ ಅಂದಾಜು ಸಿಗುತ್ತದೆ. ಸಡಿಲ ಮರಳು, ಮೇಲೆಯೇ ಸಿಗುವ ನೀರು, ಜೋರು ಅಲುಗಾಟ, ಈ ಮೂರೂ ಸೇರಿದರೆ ಅಪಾಯ. ನೆಲ ಅಲುಗಿದಾಗ ಮರಳಿನ ಕಣಗಳು ಒತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೊರಹೋಗಲು ಸಮಯವಿಲ್ಲ, ಒತ್ತಡ ಏರುತ್ತದೆ, ಕಣಗಳ ಹಿಡಿತ ತಪ್ಪುತ್ತದೆ. ಮತ್ತೆ ಆ ನೆಲ ಮನೆಯ ಭಾರ ಹೊರುವುದಿಲ್ಲ. 2001ರ ಭುಜ್ ಭೂಕಂಪದಲ್ಲಿ ಕಚ್ಛದ ರಣ್‌ನಲ್ಲಿ ಹೀಗೇ ಮರಳು, ನೀರು ಉಕ್ಕಿ ಬಂದಿತ್ತು.

ಬೋರ್‌ನೊಳಗೆ ಕೊಳವೆ ಇಳಿಸಿ, 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸುತ್ತಾರೆ. 30 ಸೆಂ.ಮೀ. ಇಳಿಯಲು ಕೆಲವೇ ಪೆಟ್ಟು ಸಾಕಾದರೆ ಮರಳು ಸಡಿಲ ಅಂತ ಅರ್ಥ. ಪೆಟ್ಟುಗಳ ಲೆಕ್ಕದಿಂದ ಮರಳು ಎಷ್ಟು ಅಲುಗಾಟ ತಾಳುತ್ತದೆ ಅಂತ ಅಂದಾಜು ಮಾಡಿ, ಅದನ್ನು ಅಲ್ಲಿ ಬರಬಹುದಾದ ಅಲುಗಾಟದಿಂದ ಭಾಗಿಸಿ, 1ಕ್ಕಿಂತ ಕಡಿಮೆ ಬಂದ ಜಾಗಗಳನ್ನು ನಕ್ಷೆಯಲ್ಲಿ ಅಪಾಯದವೆಂದು ಗುರುತಿಸುತ್ತಾರೆ. ನಮ್ಮಲ್ಲಿ ನೀರಿನ ಮಟ್ಟವನ್ನು ಮಳೆಗಾಲದ್ದೇ ಹಿಡಿಯಬೇಕು, ಬೇಸಿಗೆಯ ಲೆಕ್ಕ ಸುಮ್ನೆ ಧೈರ್ಯ ಕೊಡುತ್ತದೆ. ಕದ್ರಿ ಗುಡ್ಡದ ಮುರಕಲ್ಲಿಗೆ (ಜಂಬಿಟ್ಟಿಗೆ ಕಲ್ಲು) ಈ ಭಯವಿಲ್ಲ. ಬೆಂಗ್ರೆ, ತಣ್ಣೀರುಬಾವಿಯ ಮರಳಲ್ಲಿ ಕಟ್ಟುವವರು ಮಾತ್ರ ಪರೀಕ್ಷೆ ಮಾಡಿಸಿಯೇ ಪಾಯ ಹಾಕಬೇಕು.