ದಪ್ಪ ಸೋಲ್ ಶೂ ತಗೊಂಡ್ರ ಮೊಣಕಾಲಿಗೆ ಬಡಿತ ಕಮ್ಮಿ ಆಗ್ತದೇನು?

ಶರಣ್ರಿ. ರಿಂಗ್ ರೋಡ್ ಮ್ಯಾಲ ಓಡ್ತೀನಿ, ಮೊಣಕಾಲ ಮುಂದಿನ ಬಾಜೂ ನೋಯ್ಲತ್ತದ, ಅಂಗಡ್ಯಾಂವ ಸೋಲ್ ದಪ್ಪ ಇದ್ದಷ್ಟು ಕಾಲಿಗೆ ಛಲೋ ಅಂತಾನ, ಖರೇ ಏನು ಅಂತ ಕೇಳೀರಿ. ನಾನೂ ಕಲಬುರಗ್ಯಾಗೇ ಓಡ್ತೀನಿ, ಡಾಕ್ಟರ್ ಅಲ್ಲ, ಆದ್ರ ಈ ವಿಷಯ ಭಾಳ ಓದೀನಿ. ಅಂಗಡ್ಯಾಂವ ಹೇಳಿದ್ದು ಅರ್ಧ ಖರೇ ಅದ.

ಓಡೂ ಮುಂದ ಕಾಲಿಗೆ ಎರಡು ಥರದ ಭಾರ ಬೀಳ್ತದ. ಹಿಂಬಡ ನೆಲಕ್ಕ ತಾಕಿದ ಕೂಡ್ಲೆ, ಕಣ್ಣ ಮುಚ್ಚಿ ತೆಗಿಯೂದ್ರಾಗ, ಒಂದು ಸಣ್ಣ ಹೊಡ್ತ. ಅದಾದ ಮ್ಯಾಲ ಪೂರಾ ಮೈಭಾರ ಒಂದೇ ಕಾಲ ಮ್ಯಾಲ ಬಂದಾಗ ದೊಡ್ಡ ಭಾರ, ಅದು ಮೈತೂಕದ ಎರಡೂವರೆ ಪಟ್ಟು ತನಕ ಹೋಗ್ತದ, ಅಂದ್ರ 70 ಕೆಜಿ ಮನುಷ್ಯಾಗ ಹತ್ರಹತ್ರ 175 ಕೆಜಿ. ಸೋಲ್ ಒಳಗಿನ ಫೋಮ್ ಏನಿದ್ರೂ ಆ ಮೊದಲನೇ ಹೊಡ್ತದ ಜೊತಿ ಆಟ ಆಡ್ತದ, ಎರಡನೇದನ್ನ ಅದು ಅಷ್ಟೇನೂ ಇಳಿಸಂಗಿಲ್ಲ, ಮತ್ತ ಮೊಣಕಾಲ ಚಿಪ್ಪಿನ ಹಿಂದ ಒತ್ತೂದು ಮುಖ್ಯವಾಗಿ ಈ ಎರಡನೇದೇ.

ಮೊದಲನೇ ಹೊಡ್ತ ಆದ್ರೂ ಕಮ್ಮಿ ಆಗ್ತದೇನು ಅಂದ್ರ ಅಲ್ಲೂ ಒಂದು ತಿರುವು ಅದ. ಕಟ್ಟಿ ಮ್ಯಾಲಿಂದ ಶಹಾಬಾದ್ ಫರ್ಸಿ ಮ್ಯಾಲ ಜಿಗಿದ್ರ ಮೊಣಕಾಲ ತಾನೇ ಜಾಸ್ತಿ ಮಡಚ್ಕೋತದ, ಅದೇ ಗಾದಿ ಮ್ಯಾಲ ಜಿಗಿದ್ರ ಅಷ್ಟು ಮಡಚಂಗಿಲ್ಲ, ಯಾಕಂದ್ರ ಕೆಳಗ ಮೆತ್ತಗ ಅದ ಅಂತ ಮೈಗೆ ಗೊತ್ತು. ಓಡೂ ಮುಂದನೂ ಹಂಗೇ, ಶೂ ಮೆತ್ತಗಾದ್ರ ಕಾಲು ಬಿಗಿ ಆಗ್ತದ. 2018ರಾಗ ಫಿನ್‌ಲ್ಯಾಂಡಿನವ್ರು 12 ಮಂದಿನ್ನ ಹೋಕಾ ಕಂಪನಿ ದಪ್ಪ ಶೂದಾಗೂ ಬ್ರೂಕ್ಸ್‌ನ ಸಾದಾ ಶೂದಾಗೂ ಓಡಿಸಿ ನೋಡಿದ್ರು, ತಾಸಿಗೆ 14.5 ಕಿಮೀ ಸ್ಪೀಡಿನಾಗ ದಪ್ಪ ಶೂದಾಗೇ ಹೊಡ್ತ ಸುಮಾರು 10 ಪರ್ಸೆಂಟ್ ಜಾಸ್ತಿ ಬಂತು!

ಹಂಗಂತ ಮೆತ್ತನ ಶೂ ಕೆಟ್ಟದ್ದು ಅನ್ಕೋಬ್ಯಾಡ್ರಿ. ಲಕ್ಸೆಂಬರ್ಗ್‌ನಾಗ 848 ಮಂದಿಗೆ, ಯಾರಿಗೆ ಯಾವುದು ಅಂತ ಹೇಳದೇ, ಗಟ್ಟಿ ಮತ್ತ ಮೆತ್ತನ ಶೂ ಹಂಚಿ ಆರು ತಿಂಗಳ ಲೆಕ್ಕ ಇಟ್ಟಿದ್ರು, 2020ರಾಗ ಬಂದದ್ದು ಅದು, ಗಟ್ಟಿ ಶೂದವ್ರಿಗೇ ಗಾಯ ಜಾಸ್ತಿ ಆಗಿದ್ವು. ಮಜಾ ಏನಂದ್ರ ಈ ಫರಕು ಕಂಡದ್ದು ಹಗುರ ಮೈಯವ್ರಾಗ, ನಾವು ಅನ್ಕೊಂಡಂಗ ತೂಕದವ್ರಾಗ ಅಲ್ಲ. ಅಂದ್ರ ಮಷೀನು ತೋರಿಸೋ ಹೊಡ್ತಾನೇ ಬ್ಯಾರೆ, ಕಾಲು ನೋಯೂದೇ ಬ್ಯಾರೆ. ಎಲುಬಿನ ಮ್ಯಾಲ ಬೀಳೂ ಭಾರದಾಗ ದೊಡ್ಡ ಪಾಲು ನೆಲದ್ದಲ್ಲ, ನಮ್ಮ ಮೀನಖಂಡದ ಸ್ನಾಯು ಎಳಿಯೂದ್ರಿಂದ ಬರ್ತದ, ಆ ಎಳತ ಸೋಲಿಗೆ ಎಲ್ಲಿ ಗೊತ್ತಾಗ್ತದ?

ನಿಮಗ ನಾ ಹೇಳೂದು, ದಪ್ಪ ಎಷ್ಟು ಅಂತ ನೋಡೂಕಿಂತ ಹಿಂಬಡಕ್ಕೂ ಬೆರಳ ಕಡಿಗೂ ಸೋಲಿನ ಎತ್ತರದ ಫರಕು ಎಷ್ಟದ ನೋಡ್ರಿ, ಡ್ರಾಪ್ ಅಂತಾರ ಅದಕ್ಕ. 10-12 ಎಂಎಂ ಇದ್ರ ಭಾರ ಮೊಣಕಾಲ ಕಡಿ ಸರೀತದ, 4-5 ಇದ್ರ ಮೀನಖಂಡ ಮತ್ತ ಅದನ್ನ ಹಿಂಬಡಕ್ಕ ಜೋಡಿಸೂ ಹುರಿ ಮ್ಯಾಲ. ಭಾರ ಎಲ್ಲೂ ಮಾಯ ಆಗಂಗಿಲ್ಲ, ಜಾಗ ಬದಲಾಯಿಸ್ತದ ಅಷ್ಟೇ. ನಿಮಗ ನೋಯೂದು ಮೊಣಕಾಲ, ಅದಕ್ಕ ಕಮ್ಮಿ ಡ್ರಾಪಿನದ್ದು ಟ್ರೈ ಮಾಡಬಹುದು, ಆದ್ರ ಒಮ್ಮಿಗೇ ಬ್ಯಾಡ, ಹಳೇ ಶೂ ಜೊತಿ ಅದಲುಬದಲು ಹಾಕ್ಕೊಂಡು ಓಡ್ರಿ, ಇಲ್ಲಾಂದ್ರ ಮೀನಖಂಡ ಹಿಡ್ಕೋತದ.

ಇನ್ನೊಂದು ಬಿಟ್ಟಿ ಉಪಾಯ: ಉದ್ದುದ್ದ ಹೆಜ್ಜಿ ಬಿಟ್ಟು ಸಣ್ಣ ಹೆಜ್ಜಿ, ಅದೇ ಸ್ಪೀಡಿಗೆ ಹೆಜ್ಜಿ 5ರಿಂದ 10 ಪರ್ಸೆಂಟ್ ಜಾಸ್ತಿ ಹಾಕ್ರಿ, ಮೊಣಕಾಲ ಭಾರ ಖರೇನೇ ಇಳೀತದ. ನನ್ನ ಪ್ರಕಾರ ಹತ್ತು ಸಾವಿರದ ಶೂಕಿಂತ ಇದು ಮೊದಲು.

ನಮ್ಮ ಕಡಿ ಬಿಸಿಲು ಮರೀಬ್ಯಾಡ್ರಿ. ಏಪ್ರಿಲ್-ಮೇದಾಗ 40 ಡಿಗ್ರಿ ದಾಟ್ತದ, ಫೋಮ್ ಬಿಸಿಗೆ ಇನ್ನಾ ಮೆತ್ತಗಾಗ್ತದ, ಶೂ ಮಾಳಿಗಿ ಮ್ಯಾಲ ಬಿಸಿಲಿಗೆ ಒಣಗಹಾಕೂದು, ಕಾರ್ ಡಿಕ್ಕಿಯಾಗ ಬಿಡೂದು ಮಾಡಿದ್ರ ಲಗೂನೇ ಹಾಳಾಗ್ತದ, ಮನಿಯೊಳಗ ನೆರಳಾಗ ಇಡ್ರಿ. ಮತ್ತ ರೋಡ್ ಬದಿ ಡಾಂಬರು ಒಡದಲ್ಲಿ, ಕಲ್ಲು-ಕರಿಮಣ್ಣಿನಾಗ ಎತ್ತರದ ಮೆತ್ತನ ಸೋಲು ಅಲಗಾಡ್ತದ, ಕಾಲು ಹೊಳ್ಳೂದು ಅಲ್ಲೇ. ಅಂಥಲ್ಲಿ ಸಾದಾ ಶೂನೇ ಬರೋಬ್ಬರಿ. ನಾ ಸೇಡಂ ರೋಡ್ ಕಡಿ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಹೋಗ್ತೀನಿ, ಮುಂಜಾನಿ ಗಾಡಿ ಕಾಟ ಕಮ್ಮಿ.

ಅಂಗಡ್ಯಾಗ ಸಂಜಿಕಡಿ ಹೋಗ್ರಿ, ಪಾದ ಜರಾ ಊದಿರ್ತದ, ಅಳತಿ ಸರಿ ಸಿಗ್ತದ, ಎರಡು ಮೂರು ಜೋಡಿ ಹಾಕ್ಕೊಂಡು ಅಲ್ಲೇ ಓಡಿ ನೋಡಿ ಯಾವುದು ಕಾಲಿಗೆ ಹಿತ ಅನಸ್ತದೋ ಅದನ್ನ ತಗೋರಿ. ಮೊಣಕಾಲ ಊದಿದ್ರ ಇಲ್ಲಾ ಪಾವಣಗಿ ಇಳಿಯೂ ಮುಂದ ನೋವು ವಾರಗಟ್ಟಲೆ ಇಳೀಲಿಲ್ಲಂದ್ರ ಮಾತ್ರ ಶೂ ಮಾತು ಬಿಟ್ಟು ಎಲುಬಿನ ಡಾಕ್ಟರಿಗೆ ತೋರಸ್ರಿ.