20 ಲೀಟರಿನ ಪುಟ್ಟ ಅಕ್ವೇರಿಯಂನಲ್ಲಿ ಯಾವ ಮೀನು ಸಾಕಬಹುದು? ಏನೇನು ಬೇಕು?

20 ಲೀಟರ್ ಅಂದರೆ ನನ್ನ ಆಯ್ಕೆ ಒಂದೇ ಒಂದು ಗಂಡು ಫೈಟರ್ ಮೀನು. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬೇಡಿ, ಕಚ್ಚಾಡಿ ಸಾಯುತ್ತವೆ. ಗೋಲ್ಡ್ ಫಿಶ್ ಅಂತೂ ಬೇಡವೇ ಬೇಡ. ಅಂಗೈಗಿಂತ ಉದ್ದ ಬೆಳೆಯುತ್ತದೆ, ಗಲೀಜೂ ಜಾಸ್ತಿ. ದುಂಡನೆ ಗಾಜಿನ ಬೋಗುಣಿಯಲ್ಲಿ ಅದನ್ನಿಡುವುದು ಸಿನಿಮಾಕ್ಕಷ್ಟೇ ಚೆಂದ.

ಗಪ್ಪಿ ಅನ್ನುವ ಪುಟ್ಟ ಮೀನು ಇಷ್ಟವಾದರೆ 40 ಲೀಟರಿನ ಟ್ಯಾಂಕ್ ತೆಗೆದುಕೊಳ್ಳಿ, ಗಂಡುಗಳನ್ನಷ್ಟೇ ಸಾಕಿ. ಹೆಣ್ಣು ಸೇರಿದರೆ ಸುಮಾರು ತಿಂಗಳಿಗೊಮ್ಮೆ ಮರಿ! ನಿಜ ಹೇಳಬೇಕೆಂದರೆ ಹೊಸಬರಿಗೆ ದೊಡ್ಡ ಟ್ಯಾಂಕೇ ಸುಲಭ. ನೀರು ಜಾಸ್ತಿ ಇದ್ದಷ್ಟೂ ಕೆಡುವುದು ನಿಧಾನ.

ಆದರೆ ಮೀನಿಗಿಂತ ಮೊದಲು ನೀರು ತಯಾರಾಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ (ಇದೂ ವಿಷವೇ), ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿತನಕ ಫಿಲ್ಟರ್ ಓಡಿಸುತ್ತಾ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಅದು ಕೊಳೆತು ಬರುವ ಅಮೋನಿಯಾದಿಂದಲೇ ಬ್ಯಾಕ್ಟೀರಿಯಾ ಬೆಳೆಯುವುದು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಾಣಿಸಿದ ಮೇಲೆ ಮೀನು ಬಿಡಿ. ಖಾಲಿ ಟ್ಯಾಂಕ್ ನೋಡುತ್ತಾ ಕೂರುವುದು ಬೇಜಾರೇ, ಆದರೂ ಕಾಯಿರಿ.

ಫೈಟರ್‌ಗೆ 25–27 ಡಿಗ್ರಿ ಬಿಸಿ ಬೇಕು. ಚಳಿ ಇದ್ದರೆ ಹೀಟರ್ ಇಡಿ. ನೀರಿನಿಂದ ಹೊರಗೆ ಜಿಗಿಯುವ ಮೀನು ಇದು, ಮುಚ್ಚಳ ಇರಲಿ. ಬಿಸಿಲು ನೇರವಾಗಿ ಬಿದ್ದರೆ ಪಾಚಿ ಕಟ್ಟುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿಯೇ ಹಾಕಿ. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿದರೆ ಸಾಕು.